ಎರಡನೇ ಎನ್

“ಇ ಎಲ್ಲಿ ಹೋಯ್ತು?” ನೆಲ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

“ಓಡಿಹೋಯ್ತು!” ಮೇಜಿನ ಸುತ್ತ ಕೂತಿದ್ದ ಐದೂ ಮಕ್ಕಳು ಕೂಗಿದರು.

“ಯಾಕೆ ಓಡಿಹೋಯ್ತು?”

“ಐಎನ್‌ಜಿ ಬಂತಲ್ಲ, ಅದಕ್ಕೆ!”

ಪುಟ್ಟ ಬಿಳಿಹಲಗೆಯ ಮೇಲೆ ‘ಮೇಕ್’ ಎಂಬ ಇಂಗ್ಲಿಷ್ ಪದವಿತ್ತು. ಅದರ ಕೊನೆಯ ಇ ಅಕ್ಷರವನ್ನು ನೆಲ್ ಬೆರಳಿನಿಂದ ಉಜ್ಜಿ ಅಳಿಸಿದಳು. ಆ ಜಾಗದಲ್ಲಿ ಐಎನ್‌ಜಿ ಬರೆದಳು. ಮೇಕ್ ಈಗ ಮೇಕಿಂಗ್ ಆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ನೆಲ್ ಆಕ್ರಾಯ್ಡ್‌ಗೆ ಒಂಬತ್ತೂವರೆ ವರ್ಷ. ಮಿರ್‌ಶಾ ಊರಿನ ಶಾಲೆಯಲ್ಲಿ ನಾಲ್ಕನೇ ತರಗತಿ. ಸ್ಪೆಲಿಂಗ್ ಟೆಸ್ಟಿನಲ್ಲಿ ಅವಳಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದದ್ದು ಒಂದೇ ಒಂದು ಸಲ, ಅದೂ ಜ್ವರ ಬಂದಿದ್ದಾಗ. ಎರಡನೇ ತರಗತಿಯ ಟೀಚರ್ ಮಿಸ್ ಬ್ಯಾರಕ್ಲಫ್ ಅವರ ಹೆಸರನ್ನು ದೊಡ್ಡವರೇ ತಪ್ಪು ಬರೆಯುತ್ತಾರೆ. ಯಾಕೆಂದರೆ ಅದರಲ್ಲಿ ‘ಫ್’ ಎಂದು ಕೇಳಿಸಿದರೂ ಎಫ್ ಅಕ್ಷರವೇ ಇಲ್ಲ. ನೆಲ್ ಅದನ್ನು ಐದನೇ ವಯಸ್ಸಿಗೇ ಸರಿಯಾಗಿ ಬರೆದಿದ್ದಳು. ಅದಕ್ಕೇ ಮಿಸ್, ಮಂಗಳವಾರ ಮತ್ತು ಗುರುವಾರ ಅರ್ಧ ಗಂಟೆ ಈ ಐದು ಮಕ್ಕಳಿಗೆ ಸ್ಪೆಲಿಂಗ್ ಹೇಳಿಕೊಡುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು.

“ಈಗ ರನ್,” ಎಂದಳು ನೆಲ್. “ಇದರಲ್ಲಿ ಓಡಿಹೋಗೋಕೆ ಇ ಇಲ್ಲ. ಕೊನೇಲಿ ಒಂದೇ ಒಂದು ಎನ್. ಅದರ ಹಿಂದೆ ಒಂದೇ ಒಂದು ಸ್ವರ. ಐಎನ್‌ಜಿ ಧಡ್ ಅಂತ ಬಂದ್ರೆ ಪಾಪ, ಎನ್‌ಗೆ ಒಬ್ಬನೇ ನಿಲ್ಲೋಕೆ ಭಯ. ಅದಕ್ಕೆ ಏನು ಬೇಕು?”

“ಜೊತೆಗೊಬ್ಬ ಫ್ರೆಂಡು!” ಎಂದ ಆರ್ಲೋ. ಅವನಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ಹಾಗಾಗಿ ‘ಫ್ರೆಂಡು’ ಎಂದಾಗಲೆಲ್ಲ ಗಾಳಿ ಬರುತ್ತಿತ್ತು.

“ಕರೆಕ್ಟ್. ಇನ್ನೊಂದು ಎನ್. ಐಎನ್‌ಜಿಗೆ ಮುಂಚೆ ರನ್ನಿಂಗ್‌ಗೆ ಎರಡು ಎನ್. ಸ್ವಿಮ್ಮಿಂಗ್‌ಗೆ ಎರಡು ಎಮ್. ಇದು ರೂಲ್.”

ಆಗ ಮಿಸ್ ಬ್ಯಾರಕ್ಲಫ್ ಬಣ್ಣದ ಬಟ್ಟೆಗಳ ರಾಶಿ ಹೊತ್ತು ಬಂದರು. ಎರಡು ವರ್ಷದ ಹಿಂದೆ ಹೊಳೆ ಉಕ್ಕಿ ಊರಿನ ಲೈಬ್ರರಿಯೊಳಗೆ ಮೊಣಕಾಲಿನವರೆಗೆ ನೀರು ನುಗ್ಗಿತ್ತು. ಅಂದಿನಿಂದ ಮುಚ್ಚಿದ್ದ ಲೈಬ್ರರಿ ಈ ಶನಿವಾರ ಮತ್ತೆ ಬಾಗಿಲು ತೆರೆಯಲಿತ್ತು. ಬಾಗಿಲ ಮೇಲೆ ಕಟ್ಟುವ ಬ್ಯಾನರ್ ಎರಡನೇ ತರಗತಿಯವರದ್ದು.

“ನೆಲ್, ಹಳೇ ಬೆಡ್‌ಶೀಟ್ ಕೆಳಗೆ ಹಾಸಿದ್ದೀನಿ. ಅಕ್ಷರ ಕತ್ತರಿಸಿ ಅದರ ಮೇಲೆ ಅಂಟಿಸಬೇಕು. ‘ಲೈಬ್ರರಿ ಓಪನಿಂಗ್’, ಅಷ್ಟೇ. ನಾನು ರೆಕಾರ್ಡರ್ ಕೊಳಲು ಊದೋ ಮಕ್ಕಳನ್ನ ಪ್ರಾಕ್ಟೀಸ್ ಮಾಡಿಸಬೇಕು. ನೋಡ್ಕೋತೀಯಾ?”

“ನೋಡ್ಕೋತೀನಿ ಮಿಸ್.”

ಮಿಸ್ ಹಾಲಿಗೆ ಹೋದರು. ನೆಲ್ ಒಂದೊಂದು ಚೀಟಿ ಕೊಟ್ಟು, “ಮೊದಲು ಪೇಪರಲ್ಲಿ ಬರೀರಿ. ಓಪನ್, ಅದರ ಪಕ್ಕ ಐಎನ್‌ಜಿ,” ಎಂದಳು.

ನಾಲ್ಕು ಮಕ್ಕಳು ಎರಡು ಎನ್ ಹಾಕಿ ‘ಓಪನ್ನಿಂಗ್’ ಎಂದು ಬರೆದರು. ಜೈನಬ್ ಮಾತ್ರ ಒಂದೇ ಎನ್ ಹಾಕಿದಳು.

“ಜೈನಬ್, ಎನ್‌ನ ಫ್ರೆಂಡ್ ಎಲ್ಲಿ?” ನೆಲ್ ಕೆಂಪು ಪೆನ್ನು ತೆಗೆದಳು.

“ನಮ್ಮಂಗಡಿ ಬಾಗಿಲಲ್ಲಿ ಒಂದೇ ಎನ್ ಇದೆ,” ಎಂದಳು ಜೈನಬ್. “ಓಪನಿಂಗ್ ಅವರ್ಸ್ ಅಂತ. ನಾನು ದಿನಾ ನೋಡ್ತೀನಿ.”

“ಓಪನ್‌ನ ಕೊನೇಲಿ ಏನಿದೆ?”

“ಎನ್.”

“ಅದರ ಹಿಂದೆ?”

“ಇ.”

“ಒಂದೇ ವ್ಯಂಜನ, ಹಿಂದೆ ಒಂದೇ ಸ್ವರ. ಹಾಗಾದ್ರೆ ಎರಡು ಎನ್. ರೂಲ್ ಅಂದ್ರೆ ರೂಲ್. ನಿಮ್ಮಂಗಡಿ ಬೋರ್ಡೇ ತಪ್ಪು.” ನೆಲ್ ಅವಳ ಪದದ ಮೇಲೆ ಕೆಂಪು ಗೀಟು ಎಳೆದಳು.

“ಜೈನಬ್ ಅಂಗಡೀಲಿ ತಪ್ಪು ಸ್ಪೆಲಿಂಗ್ ಮಾರ್ತಾರೆ!” ಆರ್ಲೋ ಕಿಸಕ್ಕೆಂದ. ಉಳಿದವರೂ ನಕ್ಕರು. ಜೈನಬ್‌ಳ ಕಿವಿ ಕೆಂಪಾಯಿತು. ಅವಳು ಗೀಟಿನ ಕೆಳಗೆ ಎರಡು ಎನ್ ಹಾಕಿ ಮತ್ತೆ ಬರೆದಳು.

ಶಾಲೆ ಬಿಡುವ ಹೊತ್ತಿಗೆ ಹಸಿರು, ಹಳದಿ, ನೇರಳೆ ಅಕ್ಷರಗಳೆಲ್ಲ ಬೆಡ್‌ಶೀಟಿನ ಮೇಲೆ ಅಂಟಿಕೊಂಡಿದ್ದವು. ಅಂಟು ಒಣಗಲೆಂದು ಅದನ್ನು ಕಾರಿಡಾರಿನ ಗೋಡೆಯುದ್ದಕ್ಕೂ ಹಾಸಿ, ನೆಲ್ ದೂರ ನಿಂತು ನೋಡಿದಳು. ಚೆನ್ನಾಗಿ ಕಾಣುತ್ತಿತ್ತು.

ಗೇಟಿನಲ್ಲಿ ತಾತ ಕಾಯುತ್ತಿದ್ದರು. ಅವರು ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಈಗ ನೆಲ್‌ಳನ್ನು ಮನೆಗೆ ಕರೆತರುವುದು ಅವರ ಕೆಲಸ. ಇಬ್ಬರೂ ಇಳಿಜಾರಿನ ಬೀದಿಯಲ್ಲಿ ಬರುತ್ತಿದ್ದಾಗ, ಮೂಲೆಯಂಗಡಿಯ ಮುಂದೆ ಜೈನಬ್ ಕಂಡಳು. ಹಾಲಿನ ಕ್ರೇಟು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಿದ್ದಳು. ಕೈಯಲ್ಲಿ ದಪ್ಪ ಮಾರ್ಕರ್. ನಾಲಗೆಯ ತುದಿ ಹೊರಗೆ ಬಂದಿತ್ತು. ಬಾಗಿಲಿನ ಬೋರ್ಡಿನಲ್ಲಿ ಎರಡು ಅಕ್ಷರಗಳ ನಡುವೆ ಜಾಗ ಮಾಡಿಕೊಂಡು ಪುಟ್ಟದೊಂದು ಎನ್ ತೂರಿಸುತ್ತಿದ್ದಳು.

“ಸೂಪರ್ ಜೈನಬ್!” ನೆಲ್ ಹೆಬ್ಬೆರಳೆತ್ತಿ ತೋರಿಸಿದಳು. “ನೋಡಿದ್ಯಾ ತಾತ? ನನ್ನ ಸ್ಟೂಡೆಂಟ್.”

ತಾತ ಬೋರ್ಡನ್ನೊಮ್ಮೆ ನೋಡಿ, “ಹೂಂ,” ಎಂದರು.

ಮುಂದೆ ಬೇಕರಿ. ಅದರ ಗಾಜಿನ ಮೇಲೂ ಓಪನಿಂಗ್ ಅವರ್ಸ್ ಎಂದಿತ್ತು. ಅಲ್ಲೂ ಒಂದೇ ಎನ್. “ಇವರದೂ ತಪ್ಪು!” ನೆಲ್ ಸೀದಾ ಒಳಗೆ ನುಗ್ಗಿದಳು. ಬೇಕರಿಯ ಮಿಸೆಸ್ ಆಗ್ಡನ್ ತಟ್ಟೆ ಒರೆಸುತ್ತಿದ್ದರು.

“ಮಿಸೆಸ್ ಆಗ್ಡನ್, ನಿಮ್ಮ ಬಾಗಿಲಲ್ಲಿ ಒಂದು ಎನ್ ಕಮ್ಮಿ ಇದೆ.”

“ಹೌದಾ ಪುಟ್ಟಿ? ನಮ್ಮಮ್ಮನ ಕಾಲದಿಂದಲೂ ಹಾಗೇ ಇದೆ. ಬನ್ ತಿಂದೋರು ಯಾರೂ ದೂರಿಲ್ಲ,” ಎಂದು ಅವರು ನಕ್ಕರು.

ಪೋಸ್ಟಾಫೀಸಿನ ಬಾಗಿಲಲ್ಲೂ ಒಂದೇ ಎನ್. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಹಿತ್ತಾಳೆಯ ಫಲಕವಿತ್ತು, ಪೇಂಟಿನಲ್ಲಿ ಬರೆದದ್ದಲ್ಲ, ಕೆತ್ತಿದ್ದು. ಅಲ್ಲೂ ಒಂದೇ. ನೆಲ್ ಆ ಎನ್ ಮೇಲೆ ಬೆರಳಾಡಿಸಿದಳು. ಹಿತ್ತಾಳೆ ತಣ್ಣಗಿತ್ತು.

“ತಾತ, ಊರಿಗೆ ಊರೇ ತಪ್ಪು ಬರೆಯೋಕೆ ಆಗುತ್ತಾ?”

“ನಂಗೆ ಸ್ಪೆಲಿಂಗ್ ಗೊತ್ತಿಲ್ಲಮ್ಮ,” ಎಂದರು ತಾತ. “ಆದ್ರೆ ಬಸ್ ಓಡಿಸುವಾಗ ಎಲ್ಲಾ ಗಾಡಿನೂ ಎದುರಿಂದಲೇ ಬರ್ತಿದ್ರೆ, ನಾನೇ ಎಲ್ಲೋ ಒನ್‌ವೇಗೆ ನುಗ್ಗಿದ್ದೀನಾ ಅಂತ ಒಂದ್ಸಲ ಬೋರ್ಡ್ ನೋಡ್ಕೋತಿದ್ದೆ.”

ಮನೆಗೆ ಬಂದವಳೇ ನೆಲ್ ಶೂ ಕೂಡ ಬಿಚ್ಚದೆ ಡಿಕ್ಷನರಿ ತೆಗೆದಳು. ಓಪನಿಂಗ್. ಒಂದೇ ಎನ್. ಪುಟ ತಿರುವಿ ಇನ್ನೊಂದು ಪದ ಹುಡುಕಿದಳು. ಬಿಗಿನಿಂಗ್. ಎರಡು ಎನ್! ಹಾಗಾದರೆ ರೂಲ್ ಸುಳ್ಳಲ್ಲ. ಆದರೆ ಓಪನ್ ಅದರ ಮಾತು ಕೇಳುತ್ತಿಲ್ಲ. ಯಾಕೆ? ಡಿಕ್ಷನರಿ ಅದನ್ನು ಹೇಳಲಿಲ್ಲ.

ತಾತ ಟೋಸ್ಟಿನ ಮೇಲೆ ಡಬ್ಬದ ಬೀನ್ಸ್ ಕಾಳು ಸುರಿದು ಕೊಟ್ಟರು. ನೆಲ್ ಫೋರ್ಕಿನಿಂದ ಬೀನ್ಸನ್ನು ಅತ್ತಿತ್ತ ಸರಿಸುತ್ತಾ ಕೂತಳು. ಬ್ಯಾನರಿನದು ದೊಡ್ಡ ಚಿಂತೆಯಲ್ಲ, ಒಂದು ಅಕ್ಷರ ಕಿತ್ತರಾಯಿತು. ಆದರೆ ಹಾಲಿನ ಕ್ರೇಟಿನ ಮೇಲೆ ನಾಲಗೆ ಚಾಚಿ ನಿಂತಿದ್ದ ಜೈನಬ್ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದ್ದಳು. ಸರಿಯಾಗಿದ್ದ ಬೋರ್ಡನ್ನು ಅವಳೇ ಕೈಯಾರೆ ತಪ್ಪು ಮಾಡಿದ್ದಳು. ಅದನ್ನು ನೋಡಿ ನೆಲ್ ಸೂಪರ್ ಎಂದಿದ್ದಳು.

“ತಾತ, ನಾಳೆ ಸ್ವಲ್ಪ ಬೇಗ ಹೊರಡೋಣ,” ಎಂದಳು ನೆಲ್. “ಅಂಗಡಿ ಹತ್ರ ಕೆಲಸ ಇದೆ.”

ಮರುದಿನ ಬೆಳಿಗ್ಗೆ ಜೈನಬ್‌ಳ ಅಪ್ಪ ಇದ್ರೀಸ್ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದರು. ತಾತ ಹೊರಗೇ ನಿಂತರು. ನೆಲ್ ಒಳಗೆ ಹೋಗಿ ಒಂದೇ ಉಸಿರಿನಲ್ಲಿ ಹೇಳಿದಳು:

“ಅಂಕಲ್, ನಿಮ್ಮ ಬೋರ್ಡು ಸರಿಯಾಗೇ ಇತ್ತು. ತಪ್ಪು ನಂದು. ನಾನೇ ಜೈನಬ್‌ಗೆ ಎರಡು ಎನ್ ಅಂತ ಹೇಳಿಕೊಟ್ಟೆ.”

“ಗೊತ್ತಮ್ಮ,” ಎಂದರು ಇದ್ರೀಸ್. “ನಿನ್ನೆಯಿಂದ ಮೂರು ಜನ ಹೇಳಿಬಿಟ್ರು. ನಾನೂ ಅವಳಿಗೆ ಹೇಳಿದೆ. ಕೇಳಬೇಕಲ್ಲ? ‘ಇಲ್ಲ ಅಬ್ಬಾ, ನೆಲ್ ಹೇಳಿದ್ದಾಳೆ’ ಅಂತ ಹಟ.”

“ಹಾಗಾದ್ರೆ ನೀವು ಯಾಕೆ ಅಳಿಸಲಿಲ್ಲ?”

“ಅವಳು ಬರೆದಿದ್ದು. ಅವಳಿಗೇ ಗೊತ್ತಾಗಿ ಅಳಿಸಲಿ ಅಂತ ಬಿಟ್ಟೆ.” ಅವರು ಒಳಬಾಗಿಲ ಕಡೆ ತಿರುಗಿ ಕೂಗಿದರು. “ಜೈನಬ್, ನಿಮ್ಮ ಟೀಚರ್ ಬಂದಿದ್ದಾರೆ ನೋಡು!”

ಜೈನಬ್ ಒಂದೇ ಕಾಲಿಗೆ ಶೂ ಹಾಕಿಕೊಂಡು, ಜಾಮ್ ಸವರಿದ ಬ್ರೆಡ್ಡು ಹಿಡಿದು ಓಡಿಬಂದಳು. ನೆಲ್‌ಳನ್ನು ನೋಡಿ ಅವಳ ಮುಖವೆಲ್ಲ ನಗುವಾಯಿತು. ನೆಲ್‌ಗೆ ಅದನ್ನು ನೋಡುವುದೇ ಕಷ್ಟವಾಯಿತು.

“ಜೈನಬ್, ಓಪನಿಂಗ್‌ಗೆ ಒಂದೇ ಎನ್. ನಾನು ಡಿಕ್ಷನರಿ ನೋಡ್ದೆ. ನೀನು ಬರೆದದ್ದೇ ಸರಿ.”

ಜೈನಬ್‌ಳ ನಗು ನಿಂತಿತು. ಅವಳು ಬ್ರೆಡ್ಡನ್ನು ಕೌಂಟರಿನ ಮೇಲಿಟ್ಟಳು.

“ನಾನು ಮೊದ್ಲೇ ಹೇಳಿದ್ದೆ,” ಎಂದಳು.

“ಹೌದು.”

“ನೀನು ಕೆಂಪು ಪೆನ್ನಲ್ಲಿ ಗೀಟು ಹಾಕ್ದೆ. ಎಲ್ಲರೂ ನಕ್ರು.”

“ಹೌದು. ಸಾರಿ, ಜೈನಬ್.”

ಜೈನಬ್ ಅವಳನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಕೇಳಿದಳು: “ಮತ್ತೆ ರನ್ನಿಂಗ್‌ಗೆ ಎರಡಿದೆ. ಇದಕ್ಕೆ ಯಾಕೆ ಒಂದೇ?”

ನೆಲ್ ತಲೆ ಅಡ್ಡಡ್ಡ ಆಡಿಸಿದಳು.

“ನಂಗೊತ್ತಿಲ್ಲ,” ಎಂದಳು.

“ನಿಂಗೇ ಗೊತ್ತಿಲ್ವಾ?” ಜೈನಬ್‌ಳ ಕಣ್ಣು ಅರಳಿತು. ಕೋಪ ಅರ್ಧ ಇಳಿದಂತಿತ್ತು.

ಅವಳು ಕ್ರೇಟು ಹತ್ತಿ ಒದ್ದೆ ಬಟ್ಟೆಯಿಂದ ಎನ್ ಉಜ್ಜಿದಳು. ಅದು ಪೂರ್ತಿ ಹೋಗಲಿಲ್ಲ. ನೆಲ್ ಕ್ರೇಟನ್ನು ಅಲುಗಾಡದಂತೆ ಗಟ್ಟಿಯಾಗಿ ಹಿಡಿದುಕೊಂಡಳು.

ಶಾಲೆಯಲ್ಲಿ ಮಿಸ್ ಬ್ಯಾರಕ್ಲಫ್ ಕಾರಿಡಾರಿನಲ್ಲಿ ಬ್ಯಾನರಿನ ಮುಂದೆ ನಿಂತು ಕತ್ತು ಓರೆ ಮಾಡಿ ನೋಡುತ್ತಿದ್ದರು.

“ಗೊತ್ತು ಮಿಸ್,” ನೆಲ್ ದೂರದಿಂದಲೇ ಹೇಳಿದಳು. “ಒಂದು ಎನ್ ಜಾಸ್ತಿ. ನಾನೇ ಹೇಳಿ ಅಂಟಿಸಿದ್ದು. ಇವತ್ತೇ ಸರಿ ಮಾಡ್ತೀವಿ. ಆದ್ರೆ ಯಾಕೆ ಒಂದೇ ಎನ್ ಮಿಸ್?”

“ಅದು ನಿಮ್ಮ ತರಗತೀಲಿ ಮುಂದಿನ ಟರ್ಮಿಗೆ ಬರುತ್ತೆ. ಈಗ್ಲೇ ಹೇಳಿಬಿಡ್ಲಾ? ಇಲ್ಲ ನೀವೇ ಹುಡುಕ್ತೀರಾ?”

ನೆಲ್ ತನ್ನ ಜೊತೆ ಬಂದಿದ್ದ ಜೈನಬ್‌ಳನ್ನು ನೋಡಿದಳು. ಜೈನಬ್ ತಲೆಯಾಡಿಸಿದಳು.

“ನಾವೇ ಹುಡುಕ್ತೀವಿ,” ಎಂದಳು ನೆಲ್.

ಮಧ್ಯಾಹ್ನ ಐದು ಮಕ್ಕಳೂ ಬ್ಯಾನರಿನ ಪಕ್ಕ ನೆಲದ ಮೇಲೆ ಕೂತರು. “ನಿನ್ನೆ ಜೈನಬ್ ಸರಿ, ನಾನು ತಪ್ಪು,” ಎಂದು ನೆಲ್ ಮೊದಲೇ ಹೇಳಿಬಿಟ್ಟಳು. ಆರ್ಲೋ ಜೈನಬ್‌ಳನ್ನು ನೋಡಿ, “ನಿಮ್ಮಂಗಡೀಲಿ ಕರೆಕ್ಟ್ ಸ್ಪೆಲಿಂಗೂ ಮಾರ್ತೀರಾ?” ಎಂದ. ಜೈನಬ್ ಅವನ ಮೊಣಕೈ ತಿವಿದಳು.

ನೆಲ್ ಒಂದು ಹಾಳೆಯ ನಡುವೆ ಗೆರೆ ಎಳೆದಳು. ಡಿಕ್ಷನರಿ ತೆರೆದು ಒಂದೊಂದೇ ಪದ ಹುಡುಕಿದರು. ಬಿಗಿನ್, ಫರ್ಗೆಟ್, ಅಡ್ಮಿಟ್, ಇವಕ್ಕೆಲ್ಲ ಕೊನೆಯ ಅಕ್ಷರ ಎರಡಾಗುತ್ತಿತ್ತು. ಅವು ಎಡಕ್ಕೆ. ಓಪನ್, ಗಾರ್ಡನ್, ವಿಸಿಟ್, ಇವಕ್ಕೆ ಒಂದೇ. ಅವು ಬಲಕ್ಕೆ.

“ಉದ್ದ ಪದಕ್ಕೆ ಒಂದೇನಾ?” ಎಂದಳು ನೆಲ್. ಅಲ್ಲ, ಫರ್ಗೆಟ್ ವಿಸಿಟ್‌ಗಿಂತ ಉದ್ದ. “ಎನ್‌ಗೆ ಮಾತ್ರ ಬೇರೆ ರೂಲಾ?” ಅದೂ ಅಲ್ಲ, ಬಿಗಿನ್‌ನಲ್ಲೂ ಎನ್ ಇದೆ. ನೆಲ್ ಪೆನ್ಸಿಲಿನ ಹಿಂಬದಿ ಕಚ್ಚಿದಳು.

ಎರಡನೇ ತರಗತಿಯವರಿಗೆ ಯಾವ ಪದ ಕೊಟ್ಟರೂ ಅದನ್ನು ಚಪ್ಪಾಳೆ ತಟ್ಟಿ ಬಿಡಿಸಿ ಹೇಳುವ ಅಭ್ಯಾಸ. ಕೂತು ಬೇಜಾರಾಗಿ ಆರ್ಲೋ ಎದ್ದು ಕಾರಿಡಾರಿನಲ್ಲಿ ಹೆಜ್ಜೆ ಹಾಕುತ್ತಾ ಹೇಳತೊಡಗಿದ. “ಬಿ... ಗಿನ್! ಬಿ... ಗಿನ್!” ಒಂದು ಹೆಜ್ಜೆ ಮೆಲ್ಲಗೆ, ಇನ್ನೊಂದು ಧಡ್ ಎಂದು. ಎಲ್ಲರೂ ಅವನ ಹಿಂದೆ ಸಾಲಾಗಿ ಹೊರಟರು. “ಫರ್... ಗೆಟ್! ಅಡ್... ಮಿಟ್!”

“ಈಗ ಓಪನ್!” ಎಂದ ಆರ್ಲೋ. “ಓ... ಪನ್!”

“ಹಾಗಲ್ಲ!” ಜೈನಬ್ ನಿಂತೇಬಿಟ್ಟಳು. “ಓಪನ್ ಅನ್ನುವಾಗ ಧಡ್ ಅನ್ನೋದು ಮೊದ್ಲು ಬರುತ್ತೆ. ಓ! ಪನ್. ಓ! ಪನ್.” ಅವಳು ಮೊದಲ ಹೆಜ್ಜೆಯನ್ನು ನೆಲಕ್ಕೆ ಗುದ್ದಿ, ಎರಡನೆಯದನ್ನು ಬೆಕ್ಕಿನಂತೆ ಮೆಲ್ಲಗಿಟ್ಟಳು. “ಗಾರ್! ಡನ್. ವಿ! ಸಿಟ್.”

ನೆಲ್‌ಳ ಕೈಯಿಂದ ಪೆನ್ಸಿಲ್ ಕೆಳಗೆ ಬಿತ್ತು.

“ಇನ್ನೊಂದ್ಸಲ ಮಾಡು ಜೈನಬ್.”

ಜೈನಬ್ ಬಲಗಡೆಯ ಪದಗಳನ್ನೆಲ್ಲ ನಡೆದು ತೋರಿಸಿದಳು. ಎಲ್ಲಕ್ಕೂ ಧಡ್ ಮೊದಲು. ಎಡಗಡೆಯ ಪದಗಳನ್ನು ನಡೆದಳು. ಎಲ್ಲಕ್ಕೂ ಧಡ್ ಕೊನೆಗೆ.

“ಕೊನೇಲಿ ಧಡ್ ಅಂದ್ರೆ ಎರಡು,” ಜೈನಬ್ ನಿಧಾನವಾಗಿ ಹೇಳಿದಳು. “ಕೊನೆ ಮೆತ್ತಗಿದ್ರೆ ಒಂದೇ.”

“ಜೈನಬ್ ಕಂಡುಹಿಡಿದ್ಲು!” ನೆಲ್ ಕಿರುಚಿದ ಸದ್ದಿಗೆ ಮಿಸ್ ಬ್ಯಾರಕ್ಲಫ್ ಬಾಗಿಲಿಂದ ಇಣುಕಿದರು. ಆರು ಮಕ್ಕಳು ಕಾರಿಡಾರಿನಲ್ಲಿ ಧಡ್ ಧಡ್ ಎಂದು ಕುಣಿಯುತ್ತಿದ್ದರು. ಮಿಸ್ ನಗು ತಡೆದುಕೊಂಡು ಬಾಗಿಲು ಮುಚ್ಚಿದರು.

ಆಮೇಲೆ ಬ್ಯಾನರಿನ ಕೆಲಸ. ಅಂಟು ಒಣಗಿ ಗಟ್ಟಿಯಾಗಿತ್ತು. ಹೆಚ್ಚಿಗೆಯಿದ್ದ ಎನ್ ಕಿತ್ತರು. ಅದರ ನಂತರದ ಮೂರು ಅಕ್ಷರಗಳನ್ನೂ ಎಬ್ಬಿಸಿ ಎಡಕ್ಕೆ ಸರಿಸಿದರು. ಕೊನೆಯಲ್ಲಿ ಮೊದಲು ಜಿ ಇದ್ದ ಜಾಗದಲ್ಲಿ ಹಸಿರು ಜುಂಗಿನ ಕಲೆ ಉಳಿಯಿತು.

“ಬೆಕ್ಕಿನ ಥರ ಇದೆ,” ಎಂದ ಆರ್ಲೋ.

“ಲೈಬ್ರರೀಲಿ ಬೆಕ್ಕಿಲ್ವಲ್ಲ,” ಎಂದಳು ನೆಲ್.

“ಈಗ ಇರುತ್ತೆ.” ಅವನು ಬಟ್ಟೆಯಲ್ಲಿ ಎರಡು ಕಿವಿ ಕತ್ತರಿಸಿ ಅಂಟಿಸಿಯೇಬಿಟ್ಟ.

ಶನಿವಾರ ಊರಿನ ಅರ್ಧ ಜನ ಲೈಬ್ರರಿಯ ಮುಂದಿದ್ದರು. ರೆಕಾರ್ಡರ್ ಮಕ್ಕಳು ಊದಿದರು, ಇಬ್ಬರು ತಾಳದಲ್ಲಿ ಹಿಂದೆ ಬಿದ್ದರು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಮೇಯರ್ ರಿಬ್ಬನ್ ಕತ್ತರಿಸಿದರು. ಮಿಸೆಸ್ ಆಗ್ಡನ್ ಬನ್ ಹಂಚುತ್ತಾ ಬಂದು ಬ್ಯಾನರ್ ನೋಡಿ, “ಎನ್ ಎಷ್ಟು ಬೇಕೋ ಅಷ್ಟೇ ಇದೆ ತಾನೇ?” ಎಂದು ಕಣ್ಣು ಮಿಟುಕಿಸಿದರು.

“ಎಣಿಸಿದ್ದೀವಿ,” ಎಂದಳು ನೆಲ್. “ಯಾಕೆ ಒಂದೇ ಅಂತ ಬೇಕಾದ್ರೆ ಜೈನಬ್ ನಡೆದು ತೋರಿಸ್ತಾಳೆ.”

ಒಳಗೆ ಹೊಸ ಪೇಂಟಿನ ವಾಸನೆ. ಗೋಡೆಯ ತುಂಬ ಹೊಸ ಕಪಾಟುಗಳು. ನೆಲ್ ತನಗೆ ಬೇಕಾದ ಪುಸ್ತಕ ಹುಡುಕುತ್ತಿದ್ದಾಗ ಯಾರೋ ಅವಳ ಸ್ವೆಟರ್ ಹಿಡಿದೆಳೆದರು. ಜೈನಬ್! ಎದೆಗೆ ರೈಲಿನ ಚಿತ್ರಗಳ ದೊಡ್ಡ ಪುಸ್ತಕವೊಂದನ್ನು ಅವುಚಿಕೊಂಡಿದ್ದಳು. ಆರ್ಲೋ ಹಿಂದೆಯೇ ಇದ್ದ.

“ಇಲ್ನೋಡು,” ಜೈನಬ್ ಬೆರಳಿಟ್ಟು ತೋರಿಸಿದಳು. “ಟ್ರಾವೆಲಿಂಗ್. ಟ್ರಾ! ವೆಲ್. ಧಡ್ ಮೊದ್ಲೇ ಬರುತ್ತೆ. ಕೊನೆ ಮೆತ್ತಗಿದೆ. ಆದ್ರೂ ಎಲ್ ಎರಡಿದೆ! ಪುಸ್ತಕ ತಪ್ಪಾ?”

ಇಬ್ಬರೂ ನೆಲ್‌ಳ ಮುಖ ನೋಡಿದರು.

ಪ್ರಿಂಟ್ ಮಿಸ್ಟೇಕ್ ಎಂಬ ಮಾತು ನೆಲ್‌ಳ ನಾಲಗೆಯ ತುದಿಗೇ ಬಂದಿತ್ತು. ಅದು ಅಲ್ಲೇ ನಿಂತಿತು. ಅವಳು ಹೊಸ ಕಾರ್ಪೆಟ್ಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಆ ಪದವನ್ನು ಮತ್ತೊಮ್ಮೆ ಓದಿದಳು. ಹೌದು, ಎಲ್ ಎರಡಿತ್ತು. ವಿಚಿತ್ರವಾಗಿತ್ತು. ಚೆನ್ನಾಗಿಯೂ ಇತ್ತು.

“ಎಲ್‌ನಲ್ಲಿ ಮುಗಿಯೋ ಬೇರೆ ಪದ ಯಾವ್ದಿದೆ?” ಎಂದಳು. “ನೀವು ಹೇಳಿ, ನಾನು ಬರ್ಕೋತೀನಿ.”

“ಬೇಡ,” ಜೈನಬ್ ಅವಳ ಪಕ್ಕ ಒತ್ತಿ ಕೂತು ಕೈ ಚಾಚಿದಳು. “ನೀನು ಹೇಳು. ನಾನು ಬರೀತೀನಿ.”

ನೆಲ್ ಪೆನ್ಸಿಲನ್ನು ಅವಳ ಕೈಗೆ ಕೊಟ್ಟಳು.